ಮದ್ದಿದ್ದರೂ ಹೆಣ್ಣಿಗೆ ದಕ್ಕುವುದಿಲ್ಲವೇಕೆ?



ಬೆಳಕೆಯ ನಮ್ಮ ಸಂಘದಲ್ಲಿ ಸಾಲದ ಪುಸ್ತಕ ಬರೆಯುವವಳು ನಾನು. ಗಂಡನ ದೋಣಿಗೆ, ಮಗನ ಫೀಸಿಗೆ, ನಾದಿನಿಯ ಮದುವೆಗೆ ಎಂದು ಸಾಲ ತೆಗೆದವರು ಬಹಳ. 'ನನ್ನ ಔಷಧಿಗೆ' ಎಂದು ಬರೆಸಿದವರು ತೀರಾ ಕಡಿಮೆ.

ನಮ್ಮ ಸದಸ್ಯೆಯೊಬ್ಬಳಿಗೆ ಹೊಟ್ಟೆ ಉಬ್ಬುತ್ತಿತ್ತು. ನಾಲ್ಕು ತುತ್ತಿಗೇ ಸಾಕಾಗುತ್ತಿತ್ತು. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. "ವಾಯು, ಕಷಾಯ ಕುಡಿ" ಎಂದರು ಅತ್ತೆ. ಸ್ಕ್ಯಾನಿಂಗ್ ಎಂದಾಗ ಗಂಡ "ತವರಿಂದ ದುಡ್ಡು ತಕೊಂಡು ಬಾ" ಎಂದ. ತವರಿನವರು ಅವಳ ಮದುವೆಯ ಸಾಲವನ್ನೇ ಇನ್ನೂ ತೀರಿಸಿರಲಿಲ್ಲ. ಎಂಟು ತಿಂಗಳಾದ ಮೇಲೆ ಅಣ್ಣ ಮಂಗಳೂರಿಗೆ ಕರೆದೊಯ್ದ. ಅಷ್ಟರಲ್ಲಿ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿತ್ತು. ಇಂದು ಅವಳಿಲ್ಲ.

"ಹಣೆಬರಹ" ಎಂದರು ಊರವರು. ನಾನು ಒಪ್ಪುವುದಿಲ್ಲ.

ಈ ರೋಗದ ಮದ್ದಿಗಾಗಿ ಪ್ರಯೋಗಾಲಯಗಳಲ್ಲಿ ಎಷ್ಟು ವರ್ಷ ದುಡಿದಿದ್ದಾರೆ ಗೊತ್ತೆ? 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ನಮ್ಮ ದೇಶದಿಂದ ಹೋದ ಮನ್ಸುಖ್ ವಾನಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1972ರಲ್ಲಿ ಭಾರತದ ವಿಜ್ಞಾನಿಗಳು ಅದನ್ನೇ ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲಿ ಕಂಡರು. ಹೂ ಬಿಟ್ಟಾಗ ನಾತ ಹೊಡೆಯುವ ಚಿಕ್ಕ ಮರ ಅದು. ನಮ್ಮ ಜಿಲ್ಲೆಯ ಘಟ್ಟದ ಕಾಡಿನಲ್ಲೂ ಇದೆ.

ಜೀವಕೋಶ ಎರಡಾಗುವಾಗ ಅದರೊಳಗಿನ ಎಳೆಯ ಹುರಿ ಬಿಚ್ಚಬೇಕು. ಅದಕ್ಕಾಗಿ ಎಳೆ ಅಲ್ಲಲ್ಲಿ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತದೆ. ಈ ವಸ್ತು ಅದನ್ನು ಕೂಡಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ಮೂಲವಸ್ತು ರೋಗಿಗಳ ಮೈಗೆ ತಾಳುವಂಥದ್ದಾಗಿರಲಿಲ್ಲ. ಅದನ್ನು ಮಾರ್ಪಡಿಸಿ ಟೋಪೋಟೆಕಾನ್ ಎಂಬ ಔಷಧಿ ಮಾಡಿದರು. ಮೊದಲ ಚಿಕಿತ್ಸೆ ಫಲಿಸದ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಬಳಸಲು ಅಮೆರಿಕ ಒಪ್ಪಿದ್ದು 1996ರಲ್ಲಿ. ಅಂದರೆ 30 ವರ್ಷ!

ಈ ವಸ್ತುವಿಗಾಗಿ ಘಟ್ಟದ ಮರಗಳನ್ನು ಕಡಿದದ್ದೂ ಉಂಟು. ಮರ ಕಡಿಯದೆ ಅದನ್ನು ಪಡೆಯಬಹುದೇ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಆರ್. ಉಮಾಶಂಕರ್ ಮತ್ತು ಸಂಗಡಿಗರು ಮರದೊಳಗೇ ಬದುಕುವ ಶಿಲೀಂಧ್ರಗಳನ್ನು ಪರೀಕ್ಷಿಸಿದರು. ಅವೂ ಈ ವಸ್ತುವನ್ನು ತಯಾರಿಸುತ್ತವೆ. ಆದರೆ ಪ್ರಯೋಗಾಲಯದಲ್ಲಿ ಬೆಳೆಸುತ್ತ ಹೋದಂತೆ ಇಳುವರಿ ಕುಗ್ಗುತ್ತದೆ. ಇಂಥ ಸಂಶೋಧನೆಗೆ ಸರಕಾರ ಧಾರಾಳವಾಗಿ ಹಣ ಕೊಡಬೇಕು. ಇದು ನಮ್ಮ ಬೇಡಿಕೆಯೂ ಆಗಬೇಕು.

ಆದರೆ ಮನೆಯವರು ತಡೆದ ಎಂಟು ತಿಂಗಳನ್ನು ಯಾವ ಪ್ರಯೋಗಾಲಯವೂ ಹಿಂದಕ್ಕೆ ಕೊಡಲಾರದು. ಬೇಗ ಹೋದವರೆಲ್ಲ ಉಳಿಯುತ್ತಾರೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಬಂತು. ಲಕ್ಷಣವಿಲ್ಲದವರನ್ನು ವರ್ಷ ವರ್ಷ ತಪಾಸಣೆ ಮಾಡಿದರೂ ಈ ರೋಗದಿಂದಾಗುವ ಸಾವು ಕಡಿಮೆಯಾಗಲಿಲ್ಲ. ಹಾಗಿರುವಾಗ, ಹೊಟ್ಟೆಯುಬ್ಬರ ವಾರಗಟ್ಟಲೆ ಬಿಡದಿದ್ದರೆ ಅವಳ ಮಾತನ್ನು ನಂಬಿ ವೈದ್ಯರಲ್ಲಿಗೆ ಕರೆದೊಯ್ಯುವುದಾದರೂ ನಮ್ಮ ಕೈಯಲ್ಲಿದೆ.

ಹೊಡೆದರೆ ಮಾತ್ರ ಹಿಂಸೆಯೆ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಹೆಂಡತಿಯ ಆರೋಗ್ಯವನ್ನು ಅಪಾಯಕ್ಕೆ ತಳ್ಳುವುದು, ಅಗತ್ಯಕ್ಕೆ ಬೇಕಾದ ಹಣ ತಡೆಯುವುದು, ವರದಕ್ಷಿಣೆಗಾಗಿ ಪೀಡಿಸುವುದು ಎಲ್ಲವೂ ದೌರ್ಜನ್ಯವೇ. ದೌರ್ಜನ್ಯದಿಂದಾದ ಚಿಕಿತ್ಸೆಯ ಖರ್ಚನ್ನು ಮ್ಯಾಜಿಸ್ಟ್ರೇಟರು ಕೊಡಿಸಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಬಹುದು.

ನಮ್ಮ ಸಂಘದಲ್ಲಿ ಈಗ ಎರಡು ನಿರ್ಣಯ ಮಾಡಿದ್ದೇವೆ. ಸದಸ್ಯೆಯ ಸ್ವಂತ ಚಿಕಿತ್ಸೆಗೆ ಮೊದಲ ಸಾಲ. ಮನೆಯವರು ಬಾರದಿದ್ದರೆ ನಮ್ಮಲ್ಲಿ ಇಬ್ಬರು ಅವಳ ಜೊತೆ ಬಸ್ಸು ಹತ್ತುವುದು. ಇದು ಅವಳು ಬದುಕಿದ್ದಾಗಲೇ ಆಗಬೇಕಿತ್ತು. ನಾವೂ ತಡ ಮಾಡಿದೆವು.

ನಿಮ್ಮ ಸಂಘದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ನಿಮ್ಮ ಔಷಧಿಗೆಂದು ತೆಗೆದ ಸಾಲ ಎಷ್ಟಿದೆ?