ಕಳ್ಳನಿಗೆ ಕನಿಕರ, ಕಳಕೊಂಡವನಿಗೆ ಮೌನ

ವಿಜ್ಞಾನ ಕಥೆಯೆಂದರೆ ಮೂಗು ಮುರಿಯುವ ಕನ್ನಡ ಅಧ್ಯಾಪಕರ ಪಂಗಡಕ್ಕೆ ನಾನು ಸೇರಿದವನಲ್ಲ. ಬಿ.ಬಿ.ಸಿ.ಯವರು 1963ರಲ್ಲಿ ಪ್ರಾರಂಭಿಸಿದ ‘ಡಾಕ್ಟರ್ ಹೂ’ ಮಾಲಿಕೆಯ ಕಂತುಗಳನ್ನು ಹಾನಗಲ್ಲಿನ ಮನೆಯಲ್ಲಿ ಮಗನೊಡನೆ ಕೂತು ನೋಡುತ್ತಿರುತ್ತೇನೆ. ನೀಲಿ ಪೆಟ್ಟಿಗೆಯೊಂದರಲ್ಲಿ ಯಾವ ಕಾಲಕ್ಕೂ ಯಾವ ಲೋಕಕ್ಕೂ ಹೋಗಿಬರಬಲ್ಲ ಪುರುಷನ ಕಲ್ಪನೆ ನಮ್ಮ ಪುರಾಣಿಕರಿಗೂ ಹೊಟ್ಟೆಕಿಚ್ಚು ತರುವಂಥದು. ಆದುದರಿಂದಲೇ, 2011ರಲ್ಲಿ ಪ್ರಸಾರವಾದ ‘ದಿ ಕರ್ಸ್ ಆಫ್ ದಿ ಬ್ಲ್ಯಾಕ್ ಸ್ಪಾಟ್’ ಎಂಬ ಕಂತನ್ನು ಮೊನ್ನೆ ನೋಡಿ ನನಗೆ ಸಿಟ್ಟು ಬಂದಿತು. ಪ್ರೀತಿಯಿಲ್ಲದಲ್ಲಿ ಸಿಟ್ಟಿಗೆ ಎಡೆಯೆಲ್ಲಿ?

ಕಥೆ ಹದಿನೇಳನೆಯ ಶತಮಾನದ್ದು. ಗಾಳಿಯಿಲ್ಲದ ಕಡಲಿನಲ್ಲಿ ಕಳ್ಳಹಡಗೊಂದು ನಿಂತುಬಿಟ್ಟಿದೆ. ಮೈಗೆ ಗಾಯವಾದವನ ಅಂಗೈಯಲ್ಲಿ ಕರಿಚುಕ್ಕೆ ಮೂಡುತ್ತದೆ. ಜಲಮೋಹಿನಿಯೊಬ್ಬಳು ಹಾಡುತ್ತ ಬಂದು ಅವನನ್ನು ಮಾಯಮಾಡುತ್ತಾಳೆ. ಕೊನೆಗೆ ನೋಡಿದರೆ ಆಕೆ ಬೇರೊಂದು ಲೋಕದ ನೌಕೆಯ ಯಾಂತ್ರಿಕ ವೈದ್ಯೆ! ಕಲ್ಪನೆ ಸೊಗಸು, ಕಟ್ಟಡ ಸಡಿಲು. ಆಕೆ ಬರುವುದು ನೀರಿನಿಂದ ಎಂದು ಒಮ್ಮೆ, ಪ್ರತಿಬಿಂಬದಿಂದ ಎಂದು ಇನ್ನೊಮ್ಮೆ ಡಾಕ್ಟರನ ತರ್ಕ ಮಗ್ಗಲು ಬದಲಿಸುತ್ತದೆ. ಕೋಣೆಯಲ್ಲಿದ್ದ ನಾವಿಕನೊಬ್ಬ ಮುಂದಿನ ದೃಶ್ಯಕ್ಕೆ ಇಲ್ಲವೇ ಇಲ್ಲ. ಹೇಗೆ ಹೋದನೆಂದು ತೋರಿಸುವ ಗೋಜಿಗೂ ಹೋಗಿಲ್ಲ. ನಮ್ಮ ಕಡೆಯ ದೊಡ್ಡಾಟದಲ್ಲಿ ಪಾತ್ರವೊಂದು ಹೀಗೆ ತಪ್ಪಿಸಿಕೊಂಡರೆ ಜನ ಭಾಗವತನನ್ನು ಸುಮ್ಮನೆ ಬಿಟ್ಟಾರೆಯೆ? ಇರಲಿ, ಇವೆಲ್ಲ ಕ್ಷಮ್ಯ.

ಕ್ಷಮಿಸಲಾಗದ್ದು ಬೇರೆಯಿದೆ. ಆ ಹಡಗಿನ ಕಪ್ತಾನನ ಹೆಸರು ಹೆನ್ರಿ ಏವರಿ. ಹಡಗಿನ ಹೊಟ್ಟೆಯಲ್ಲಿರುವುದು ಹಿಂದುಸ್ಥಾನದ ಮೊಗಲ ದೊರೆಯ ಸಂಪತ್ತೆಂದು ಕಂತೇ ಹೇಳುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ. ಇತಿಹಾಸ ಅಲ್ಲಿಗೆ ಮುಗಿಯುವುದಿಲ್ಲ. 1695ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗು ಹಜ್ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದಾಗ ಈ ಏವರಿ ಅದನ್ನು ಹಿಡಿದನು. ಅದರಲ್ಲಿ 52 ಲಕ್ಷ ರೂಪಾಯಿಯ ಬೆಳ್ಳಿ ಬಂಗಾರವಿತ್ತೆಂದೂ, ಅದು ಹಿಂದುಸ್ಥಾನದ ಸರಕು ಮಾರಿ ಬಂದ ಹಣವೆಂದೂ ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ದಿನಗಟ್ಟಲೆ ಲೂಟಿ ನಡೆಯಿತು. ಹೆಂಗಸರ ಮಾನಭಂಗವಾಯಿತು, ಕೆಲವರು ಸಮುದ್ರಕ್ಕೆ ಹಾರಿದರು. ಏವರಿಯ ಕೆಲವು ಸಂಗಡಿಗರು 1696ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದರು. ಏವರಿ ಮಾತ್ರ ಎಂದೂ ಸಿಕ್ಕಲಿಲ್ಲ.

ಇಂಥವನನ್ನು ಕಂತು ಏನು ಮಾಡಿದೆ? ಜ್ವರಪೀಡಿತ ಮಗನಿಗಾಗಿ ಕರಗುವ ತಂದೆಯನ್ನಾಗಿ ಮಾಡಿದೆ. ಅಪ್ಪ ನೌಕಾಪಡೆಯ ಮರ್ಯಾದಸ್ಥನೆಂದು ನಂಬಿದ್ದ ಹುಡುಗನಿಗೆ ನಿಜ ತಿಳಿಯುವ ಒಂದು ಗಳಿಗೆಯೇನೋ ಇದೆ. ಆದರೆ ಆ ಗಳಿಗೆಯಲ್ಲಿಯೂ ನಮ್ಮ ಮರುಕ ಹರಿಯುವುದು ಅಪ್ಪ ಮಕ್ಕಳತ್ತಲೇ. ಕೊನೆಗೆ ಏವರಿ ಮಗನನ್ನೂ ಸಂಗಡಿಗರನ್ನೂ ಕರೆದುಕೊಂಡು ಆ ಪರಲೋಕದ ನೌಕೆಯನ್ನೇ ನಡೆಸುತ್ತ ನಕ್ಷತ್ರಗಳತ್ತ ಹೊರಟುಹೋಗುತ್ತಾನೆ. ಕಳ್ಳನಿಗೆ ಸಶರೀರ ಸ್ವರ್ಗ! ಸಮುದ್ರಕ್ಕೆ ಹಾರಿದ ಹೆಂಗಸರಿಗೆ ಒಂದು ವಾಕ್ಯವೂ ಇಲ್ಲ. ಬೀಭತ್ಸದ ಎಡೆಯಲ್ಲಿ ವಾತ್ಸಲ್ಯವನ್ನು ಬಡಿಸಿದರೆ ಅದನ್ನು ರಸಾಭಾಸವೆನ್ನದೆ ಇನ್ನೇನೆನ್ನಬೇಕು?

ಮಕ್ಕಳ ವಿನೋದಕ್ಕೆ ಇಷ್ಟೇಕೆ ರಂಪ ಎನ್ನುವವರಿದ್ದಾರೆ. ನೋಡುವವರು ಮಕ್ಕಳು ಎಂಬುದಕ್ಕಾಗಿಯೇ ಈ ರಂಪ. “ಅಪ್ಪಾ, ಆ ಕಿರೀಟ ಯಾರದಿತ್ತು?” ಎಂದು ನನ್ನ ಮಗ ಕೇಳಿದನು. ಹುಡುಗನಿಗೆ ಹೊಳೆದ ಪ್ರಶ್ನೆಯನ್ನು ಕಾಲಯಂತ್ರದ ಒಡೆಯ ಬೆನ್ನಟ್ಟಿ ಹೋಗಬೇಡವೆ? ಪೆಟ್ಟಿಗೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದ್ದರೆ ಅವನು ಗಂಜ್-ಇ-ಸವಾಯಿಯ ಅಟ್ಟದ ಮೇಲೆ ಇಳಿಯುತ್ತಿದ್ದನು. ಇಳಿಯಲಿಲ್ಲ. ಯಂತ್ರಕ್ಕೆ ಬಲವಿತ್ತು, ಬರೆದವರಿಗೆ ಎದೆಯಿರಲಿಲ್ಲ.

ಹಾನಗಲ್ಲಿಗೂ ಹಿರೇಕೆರೂರಿಗೂ ಕಡಲಿನ ಗೊಡವೆ ಏಕೆ ಎಂಬುದು ಎರಡನೆಯ ಆಕ್ಷೇಪ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಸವಣೂರಿನ ನವಾಬರು ಔರಂಗಜೇಬನ ಆಶ್ರಯಕ್ಕೆ ಬಂದರು. ಸುಲಿಗೆಯಾದದ್ದು ನಮ್ಮ ಸೀಮೆಯ ಅಂದಿನ ಸಾರ್ವಭೌಮನ ಹಡಗು. ಹುಬ್ಬಳ್ಳಿಯ ಕಡೆ ನೇಯ್ದ ಬಟ್ಟೆ ಆ ಕಾಲದಲ್ಲಿ ಘಟ್ಟವಿಳಿದು ಕಾರವಾರದ ಬಂದರಿನಿಂದ ಹೊರದೇಶಕ್ಕೆ ಹೋಗುತ್ತಿತ್ತು. ಅದೇ ಕಾರವಾರಕ್ಕೆ 1697ರಲ್ಲಿ ಕ್ಯಾಪ್ಟನ್ ಕಿಡ್ ಬಂದಿದ್ದನು; ಕಳ್ಳರನ್ನು ಹಿಡಿಯಲೆಂದು ಹೊರಟು ತಾನೇ ಕಳ್ಳನಾಗಿ 1701ರಲ್ಲಿ ಗಲ್ಲಿಗೇರಿದವನು. ಸವಣೂರಿನ ದೊಡ್ಡ ಹುಣಸೆಮರಗಳ ಜಾತಿಯೇ ಆಫ್ರಿಕದ್ದು. ಆ ಬೀಜಕ್ಕೆ ದೂರವಾಗದ ಕಡಲು ನಮಗೆ ದೂರವೆ?

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಬಡವರ ರಾಗಿಯನ್ನು ರಾಮನ ಸಭೆಗೆ ಕರೆತಂದು ಅಕ್ಕಿಯ ಎದುರು ಮಾತಾಡಿಸಿದರು. ಕಾಳಿಗೂ ಕಕ್ಷಿಯಿದೆ, ಅದನ್ನು ಕೇಳಿಯೇ ತೀರ್ಪಾಗಬೇಕು ಎಂಬ ನ್ಯಾಯ ಅದು. ಈ ಕಂತಿನಲ್ಲಿ ಕಳಕೊಂಡವರ ಕಕ್ಷಿಯನ್ನು ಕೇಳುವವರೇ ಇಲ್ಲ; ತೀರ್ಪು ಮಾತ್ರ ಹೊರಬಿದ್ದಿದೆ.

ಬಿ.ಬಿ.ಸಿ.ಯವರನ್ನು ಬೈದು ಕೈತೊಳೆದುಕೊಂಡರೆ ಸಾಲದು. ಅವರ ಕಳ್ಳನ ಕಥೆಯನ್ನು ಅವರು ತಮಗೆ ಬೇಕಾದಂತೆ ಹೇಳಿದರು; ನಮ್ಮ ಹಡಗಿನ ಕಥೆಯನ್ನು ಹೇಳಬೇಕಾದವರು ನಾವು. ಕನ್ನಡದಲ್ಲಿ ವಿಜ್ಞಾನ ಕಥೆಗೆ ರಾಜಶೇಖರ ಭೂಸನೂರಮಠರಂಥವರು ದಾರಿ ಮಾಡಿದ್ದಾರೆ. ಆ ದಾರಿಯಲ್ಲಿ ಬರುವ ತರುಣರಿಗೆ ನನ್ನದೊಂದು ವಿನಂತಿ: ನಿಮ್ಮ ಕಾಲಯಂತ್ರ ಎಲ್ಲಿಗಾದರೂ ಹೋಗಲಿ, ಇಳಿಯುವಾಗ ಕಪ್ತಾನನ ಕೋಣೆಯಲ್ಲಿ ಇಳಿಯಬೇಡಿ. ಯಾತ್ರಿಕರು ಕೂತ ಕಡೆ ಇಳಿಯಿರಿ.