ಹ್ಯಾಂಡ್‌ಬಾಲ್ ಆಡಿದರೆ ಹುಡುಗಿಯರ ಮಂಡಿ ಹಾಳಾಗುತ್ತದೆಯೇ?

“ಹ್ಯಾಂಡ್‌ಬಾಲ್ ಎಲ್ಲಾ ಬೇಡಮ್ಮ, ಮಂಡಿ ಹೋದ್ರೆ ನಾಳೆ ಯಾರು ನೋಡ್ಕೋತಾರೆ?” ಬ್ಯಾಡರಹಳ್ಳಿಯಂಥ ಕಡೆ ಮಗಳು ಶಾಲಾ ತಂಡಕ್ಕೆ ಆಯ್ಕೆಯಾದಾಗ ಮನೆಯಲ್ಲಿ ಇಂಥ ಮಾತು ಬರುವುದು ಹೊಸದಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇಲ್ಲೇ ಜ್ಞಾನಭಾರತಿಯಲ್ಲಿದ್ದರೂ ಈ ಹೆದರಿಕೆ ಹೋಗಿಲ್ಲ. ಹೆದರಿಕೆ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಅದಕ್ಕೆ ಕೊಡುವ ಕಾರಣ ಮತ್ತು ಪರಿಹಾರ ಎರಡೂ ತಪ್ಪು.

ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಕಾಲುಮೂಳೆಯನ್ನೂ ಬಿಗಿಹಿಡಿಯುವ ಎಸಿಎಲ್ ಎಂಬ ಲಿಗಮೆಂಟ್ ಇದೆ. ಹ್ಯಾಂಡ್‌ಬಾಲ್‌ನಲ್ಲಿ ಅದು ಹರಿಯುವುದು ಹೆಚ್ಚಾಗಿ ಎದುರಾಳಿ ಮಂಡಿಗೆ ಗುದ್ದಿದ್ದರಿಂದಲ್ಲ. ಓಡುತ್ತಾ ಬಂದು ಒಂದು ಕಡೆಗೆ ಹೋಗುವಂತೆ ನಟಿಸಿ, ಕಾಲೂರಿ ಇನ್ನೊಂದು ಕಡೆಗೆ ತಿರುಗುವಾಗ, ಇಲ್ಲವೇ ಗೋಲಿಗೆ ಹಾರಿ ಒಂಟಿಕಾಲಲ್ಲಿ ಇಳಿಯುವಾಗ. ಮಂಡಿ ಹೆಚ್ಚು ಬಾಗದೆ ಒಳಮುಖವಾಗಿ ಕುಸಿಯುತ್ತದೆ. ವಿಡಿಯೊಗಳನ್ನು ಅಳೆದು ನೋಡಿದವರ ಲೆಕ್ಕದಲ್ಲಿ, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ‘ಹುಷಾರಾಗಿ ಆಡು’ ಎಂಬ ಬುದ್ಧಿಮಾತು ಕೆಲಸ ಮಾಡಲು ಅಷ್ಟು ಸಮಯ ಸಾಲದು. ದೇಹಕ್ಕೇ ಅಭ್ಯಾಸ ಆಗಿರಬೇಕು.

ಗಂಡಸರಿಗಿಂತ ಹೆಂಗಸರಲ್ಲಿ ಈ ಗಾಯ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ಎಂಬುದು ನಿಜ. ಸೊಂಟದ ಅಗಲ, ಹಾರ್ಮೋನು ಎಂದೆಲ್ಲ ಕಾರಣ ಹೇಳುತ್ತಾರೆ. ಅವನ್ನು ನಾವು ಬದಲಿಸಲಾಗದು. ಬದಲಿಸಬಹುದಾದದ್ದು ಇಳಿಯುವ ರೀತಿ, ತೊಡೆಯ ಹಿಂಭಾಗದ ಸ್ನಾಯುಗಳ ಬಲ, ಮತ್ತು ನೆಲ. ಮರದ ನೆಲಕ್ಕಿಂತ ಹೆಚ್ಚು ಹಿಡಿತದ ಕೃತಕ ನೆಲದಲ್ಲಿ ಆಟಗಾರ್ತಿಯರ ಎಸಿಎಲ್ ಹೆಚ್ಚು ಹರಿಯುವುದು ನಾರ್ವೆಯಲ್ಲಿ ಕಂಡುಬಂದಿದೆ. ಜಾರಿದರೆ ಅಪಾಯ ಎಂದು ನಾವು ತಿಳಿದಿರುತ್ತೇವೆ, ಇಲ್ಲಿ ಜಾರದಿರುವುದೇ ಅಪಾಯ!

ನಾರ್ವೆಯ ಮಾತೇ ಯಾಕೆ ಅಂದರೆ, ಅಲ್ಲಿ ಮಹಿಳಾ ಹ್ಯಾಂಡ್‌ಬಾಲ್ ನಮ್ಮ ಕ್ರಿಕೆಟ್ ಇದ್ದ ಹಾಗೆ. 2001ರಲ್ಲಿ ಶುರುವಾದ ಮೊಬೆಲ್‌ರಿಂಗೆನ್ ಕಪ್‌ಗೆ ಬೇರೆ ದೇಶಗಳ ಮಹಿಳಾ ತಂಡಗಳನ್ನು ಆಹ್ವಾನಿಸಿ, ವಿಶ್ವ ಅಥವಾ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಮುಂಚೆ ಕೆಲವೇ ದಿನಗಳಲ್ಲಿ ಮೂರು ಪಂದ್ಯ ಆಡಿಸುತ್ತಿದ್ದರು. ಇಷ್ಟು ಆಡುವ ದೇಶ ತನ್ನ ಹುಡುಗಿಯರ ಮಂಡಿಗಳನ್ನು ಲೆಕ್ಕ ಹಾಕದೆ ಇದ್ದೀತೇ?

ಓಸ್ಲೋದ ಸಂಶೋಧಕರು ಮಹಿಳಾ ತಂಡಗಳನ್ನು ಮೂರು ಋತು ಹಿಂಬಾಲಿಸಿದರು. ಮೊದಲ ಋತುವಿನಲ್ಲಿ ಏನನ್ನೂ ಬದಲಿಸಲಿಲ್ಲ, 29 ಎಸಿಎಲ್ ಗಾಯಗಳಾದವು. ನಂತರ ಸುಮಾರು 15 ನಿಮಿಷದ ಸಮತೋಲನದ ವ್ಯಾಯಾಮ ಕಲಿಸಿದರು. ಮುಂದಿನ ಋತುವಿಗೆ 23, ಅದರ ಮುಂದಿನದಕ್ಕೆ 17. ಇದೊಂದನ್ನೇ ನಂಬಬೇಕಿಲ್ಲ, ಕಾಕತಾಳೀಯವೂ ಇರಬಹುದು. ಆಮೇಲೆ 120 ಕ್ಲಬ್‌ಗಳ 15ರಿಂದ 17 ವಯಸ್ಸಿನ 1837 ಆಟಗಾರರನ್ನು (ಬಹುಪಾಲು ಹುಡುಗಿಯರು) ಎರಡು ಗುಂಪು ಮಾಡಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ: ಎಂದಿನಂತೆ ಆಡಿದವರಲ್ಲಿ ಮಂಡಿ ಮತ್ತು ಪಾದದ ಗಂಟಿನ 81 ಗಾಯ, ವ್ಯಾಯಾಮ ಮಾಡಿದವರಲ್ಲಿ 48.

ಆ ವ್ಯಾಯಾಮದಲ್ಲಿ ದುಬಾರಿ ಯಂತ್ರ ಏನಿಲ್ಲ. ಹಾರಿ ಇಳಿಯುವಾಗ ಮಂಡಿ ಬಗ್ಗಿಸಿ, ಅದು ಪಾದದ ಬೆರಳುಗಳ ನೇರಕ್ಕೇ ಇರುವಂತೆ ನೋಡಿಕೊಳ್ಳುವುದು, ಒಂಟಿಕಾಲಲ್ಲಿ ನಿಂತು ಚೆಂಡು ಎಸೆದಾಡುವುದು, ಗೆಳತಿ ಪಾದ ಹಿಡಿದಿರುವಾಗ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವುದು. ನಮ್ಮ ಶಾಲೆಗಳ ‘ಮೈದಾನಕ್ಕೆ ಎರಡು ಸುತ್ತು’ ಮೈ ಬಿಸಿ ಮಾಡುತ್ತದೆ, ಇದನ್ನು ಕಲಿಸುವುದಿಲ್ಲ. ಅಂಗಡಿಯ ನೀ ಕ್ಯಾಪ್ ಕೂಡ ಎಸಿಎಲ್ ಹರಿಯುವುದನ್ನು ತಡೆಯುವುದಿಲ್ಲ. ಬಿದ್ದಾಗ ಚರ್ಮ ತರಚುವುದನ್ನು ತಡೆದೀತು, ಅಷ್ಟೆ.

ಇಷ್ಟಾದರೂ ಕೆಲವರಿಗೆ ಹರಿಯುತ್ತದೆ. ನಾರ್ವೆಯ ನೋರಾ ಮರ್ಕ್ ಹಲವು ಬಾರಿ ಮಂಡಿಯ ಶಸ್ತ್ರಚಿಕಿತ್ಸೆಗೆ ಒಳಗಾಗಿಯೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಆಟದ ಮಧ್ಯೆ ಮಂಡಿಯಲ್ಲಿ ‘ಟಪ್’ ಎಂದು ಕೇಳಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ಹಚ್ಚಿ ನೀವಿಸಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಶಸ್ತ್ರಚಿಕಿತ್ಸೆಯಾದರೆ, ಪಂದ್ಯಾವಳಿ ಎಷ್ಟೇ ದೊಡ್ಡದಿರಲಿ, 9 ತಿಂಗಳಿಗೆ ಮುಂಚೆ ಕಣಕ್ಕಿಳಿಸಬೇಡಿ.