‘ಟ್ಯೂಬ್ ಇದೆ, ಸುಮ್ಮನೆ ಮಲಗಿ’ ಎನ್ನಬೇಡಿ

ಪ್ರಾಸ್ಟೇಟ್ ಆಪರೇಷನ್ ಮುಗಿಸಿ ವಾರ್ಡಿಗೆ ಬಂದ ಹಿರಿಯರು, ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯುತ್ತಿದ್ದಂತೆ ಚಡಪಡಿಸತೊಡಗುತ್ತಾರೆ. ‘ತಡೆಯೋಕಾಗ್ತಿಲ್ಲ, ಬಾತ್‌ರೂಮಿಗೆ ಕರ್ಕೊಂಡು ಹೋಗಿ’ ಎನ್ನುತ್ತಾರೆ. ‘ಟ್ಯೂಬ್ ಹಾಕಿದೆ, ತಾನಾಗೇ ಹೋಗುತ್ತೆ, ಸುಮ್ಮನೆ ಮಲಗಿ’ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಸಾಲದು. ಆ ಟ್ಯೂಬಿನ, ಅಂದರೆ ಕ್ಯಾಥೆಟರಿನ, ಬಲೂನು ಮೂತ್ರಕೋಶದ ಬುಡವನ್ನು ಒತ್ತುತ್ತಿರುತ್ತದೆ. ಅದನ್ನು ಹೊರದೂಡಲು ಕೋಶದ ಸ್ನಾಯು ಮತ್ತೆ ಮತ್ತೆ ಹಿಂಡಿಕೊಳ್ಳುತ್ತದೆ; ಇದೇ ಸೆಳೆತ. ನೋವು ಬಿಟ್ಟು ಬಿಟ್ಟು ಬರುತ್ತದೆ, ಟ್ಯೂಬಿನ ಪಕ್ಕದಿಂದಲೇ ಮೂತ್ರ ಜಿನುಗುತ್ತದೆ.

ರಕ್ತ ಹೆಪ್ಪುಗಟ್ಟಿ ಟ್ಯೂಬ್ ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಅದು ಸರಿಯಿದ್ದೂ ಸೆಳೆತ ನಿಲ್ಲದಿದ್ದರೆ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆಗಳಿವೆ. ಆದರೆ ಅವು ಬಾಯಿ ಒಣಗಿಸುತ್ತವೆ, ವಯಸ್ಸಾದವರಿಗೆ ಮಂಕು ಕವಿಸುವುದೂ ಉಂಟು. ಮಾರ್ಫಿನ್ ನೋವನ್ನು ತಗ್ಗಿಸೀತು, ಸೆಳೆತವನ್ನು ಸುಲಭವಾಗಿ ನಿಲ್ಲಿಸದು. ಜೊತೆಗೆ ಮಲಬದ್ಧತೆ ಬೇರೆ.

ಆಮೇಲೂ ಒಂದು ದಾರಿಯಿದೆ, ಅದನ್ನು ನಾವು ಮರೆಯುತ್ತಿದ್ದೇವೆ. ಮೂತ್ರಕೋಶವನ್ನು ಹಿಂಡಿಸುವ ನರಗಳು ಬೆನ್ನುಹುರಿಯ ಕೆಳತುದಿಯ ಎಸ್2, ಎಸ್3, ಎಸ್4 ಭಾಗಗಳಿಂದ ಹೊರಡುತ್ತವೆ. ಬುಪಿವಕೇನ್‌ನಂಥ ಮರಗಟ್ಟಿಸುವ ಔಷಧಿ ಅಲ್ಲಿಗೆ ತಲುಪಿದರೆ ನೋವಿನ ಜೊತೆಗೆ ಸೆಳೆತವೂ ತಗ್ಗುತ್ತದೆ. ಮೂತ್ರನಾಳ ಮರುಜೋಡಣೆಯಾದ ಮಕ್ಕಳಿಗೆ ಬೆನ್ನಿನ ಕೆಳತುದಿಯಿಂದ ಕೊಡುವ ಕಾಡಲ್ ಬ್ಲಾಕ್ (ನರವನ್ನು ತಡೆಯುವ ಚುಚ್ಚುಮದ್ದು) ಇದೇ ಕೆಲಸ ಮಾಡುತ್ತದೆ. ದೊಡ್ಡವರಲ್ಲಿ ಕ್ಯಾಥೆಟರಿನ ಕಿರಿಕಿರಿಗೆ ಪ್ಯೂಡೆಂಡಲ್ ನರದ ಬ್ಲಾಕ್ ನೆರವಾಗುತ್ತದೆ. ಸೊಂಟದಲ್ಲಿ ಎಪಿಡ್ಯೂರಲ್ ಇದೆಯೆಂದು ನಿಶ್ಚಿಂತರಾಗುವಂತಿಲ್ಲ: ಔಷಧಿ ಮೇಲಕ್ಕೇ ಹರಡಿ ಈ ಕೆಳಗಿನ ನರಗಳನ್ನು ಮುಟ್ಟದೆ ಬಿಡಬಹುದು. ಈ ಭಾಗದ ನರಗಳನ್ನು ತಡೆಯುವುದು ಹೊಸದೇನಲ್ಲ: ಕ್ಯಾನ್ಸರ್ ರೋಗಿಗಳ ಕಿಬ್ಬೊಟ್ಟೆಯ ನೋವಿಗೆ ಬೆನ್ನುಮೂಳೆಯ ಕೆಳಭಾಗದ ಮುಂದಿರುವ ನರಜಾಲವನ್ನೇ ತಡೆಯುವ ವಿಧಾನವನ್ನು ಮೆಕ್ಸಿಕೋದ ಪ್ಲಾಂಕಾರ್ಟೆ ಮತ್ತು ಸಂಗಡಿಗರು 1990ರಲ್ಲೇ ವರದಿ ಮಾಡಿದ್ದಾರೆ.

ಬ್ಲಾಕ್ ಎಲ್ಲರಿಗೂ ಅಲ್ಲ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ, ಸೂಜಿ ಚುಚ್ಚುವ ಜಾಗದಲ್ಲಿ ಸೋಂಕಿರುವವರಲ್ಲಿ ಅಪಾಯವುಂಟು. ಬೆನ್ನಿಗೆ ಕೊಡುವ ಬ್ಲಾಕಿನಿಂದ ಬಿಪಿ ಇಳಿಯಬಹುದು, ಕಾಲು ಸೋಲಬಹುದು. ಹಾಗೆಂದೇ ಇದನ್ನು ಅರ್ಧರಾತ್ರಿಯ ಗಡಿಬಿಡಿಗೆ ಬಿಡದೆ, ಆಪರೇಷನ್‌ಗೆ ಮೊದಲೇ ಕೇಸ್‌ಶೀಟಿನಲ್ಲಿ ಬರೆದಿಡಬೇಕು. ಮನೆಯವರೂ ಮುಜುಗರಪಡದೆ ಅರಿವಳಿಕೆ ತಜ್ಞರನ್ನು ಕೇಳಬೇಕು: ಸೆಳೆತ ಬಂದರೆ ಏನು ಮಾಡುತ್ತೀರಿ, ರಾತ್ರಿ ಯಾರನ್ನು ಕರೆಯಬೇಕು? ಆ ಹೆಸರೂ ಫೋನ್ ನಂಬರೂ ರಾತ್ರಿ ಪಾಳಿಯ ನರ್ಸ್ ಕೈಯಲ್ಲಿರಬೇಕು.